ಬಯಲು ಉಳಿಯದೆ ಆಟವೆಲ್ಲಿ?

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳು ಹುಬ್ಬಳ್ಳಿಯಿಂದ ಹರಿಹರಕ್ಕೆ ಹೋಗುವ ರೇಲ್ವೆ ಹಾದಿಯ ಮೇಲೆ ಒಂದರ ಮಗ್ಗುಲಿಗೊಂದು ಇರುವ ಊರುಗಳು. ಏಲಕ್ಕಿ ಹಾರಕ್ಕೆ ಹಾವೇರಿಯೂ, ಮೆಣಸಿನಕಾಯಿಗೆ ಬ್ಯಾಡಗಿಯೂ, ಹತ್ತಿ ಹಾಗೂ ಬೀಜದ ವ್ಯಾಪಾರಕ್ಕೆ ರಾಣೆಬೆನ್ನೂರೂ ನಾಡಿನಲ್ಲೆಲ್ಲ ಹೆಸರು ಪಡೆದಿವೆ. ವ್ಯಾಪಾರದಿಂದ ಬೆಳೆಯುವ ಊರುಗಳಲ್ಲಿ ನೆಲದ ಬೆಲೆ ವರುಷ ವರುಷಕ್ಕೆ ಏರುವುದು ಸಹಜ. ಹಾಗೆ ಏರಿದಾಗ ಎಲ್ಲರ ಕಣ್ಣೂ ಮೊದಲು ಬೀಳುವುದು ಊರ ನಡುವೆ ಉಳಿದ ಬಯಲಿನ ಮೇಲೆ. ಸಂಜೆಯಾದೊಡನೆ ಹುಡುಗರು ಸೇರಿ ಕಬಡ್ಡಿ, ಖೋ ಖೋ ಆಡುವ, ನಸುಕಿನಲ್ಲಿ ಸೈನ್ಯದ ಇಲ್ಲವೆ ಪೋಲೀಸರ ಭರ್ತಿಗಾಗಿ ತರುಣರು ಓಡುವ ಆ ಬಯಲು ಕಚೇರಿಯ ಕಾಗದಪತ್ರಗಳಲ್ಲಿ ಮಾತ್ರ 'ಖಾಲಿ ಜಾಗ' ಎನಿಸಿಕೊಳ್ಳುತ್ತದೆ. ನಾವು ಇಂದು ಹೇಳಬೇಕೆಂದಿರುವುದೆಲ್ಲ ಈ ಎರಡು ಶಬ್ದಗಳಲ್ಲಿ ಅಡಗಿದೆ.

ನಮ್ಮ ಅಭಿಪ್ರಾಯವನ್ನು ಮೊದಲೇ ತಿಳಿಸಿಬಿಡುತ್ತೇವೆ. ಆಟದ ಬಯಲುಗಳಿಗೆ ಸರಕಾರದ ಹಣ ಬರುತ್ತಿಲ್ಲವೆಂದು ಯಾರೂ ಹೇಳುವಂತಿಲ್ಲ. ಬಯಲುಗಳನ್ನು ಕಾಯಲು ಕಾಯದೆಗಳಿಲ್ಲವೆಂದೂ ಹೇಳುವಂತಿಲ್ಲ. ಆದರೆ ಅನುದಾನವೂ ಕಾಯದೆಯೂ ಬೇರೆ ಬೇರೆ ಹಾದಿ ಹಿಡಿದು ನಡೆದಿವೆ. ಹಣ ಕೊಡುವವರು ಆ ನೆಲದ ಮುಂದಿನ ಗತಿಯನ್ನು ವಿಚಾರಿಸುವುದಿಲ್ಲ. ನೆಲವನ್ನು ಕಾಯಬೇಕಾದವರು ಹಣದ ಸುದ್ದಿಯನ್ನೆತ್ತುವುದಿಲ್ಲ. ಇವೆರಡನ್ನೂ ಒಂದೇ ಕಟ್ಟಿನಲ್ಲಿ ಕಟ್ಟಿದ ಹೊರತು ನಮ್ಮ ಊರುಗಳ ಮಕ್ಕಳಿಗೆ ಆಡಲು ನೆಲ ಉಳಿಯಲಾರದು. ಸಾರ್ವಜನಿಕ ಹಣದ ಒಂದು ರೂಪಾಯಿಯಾದರೂ ಒಂದು ಬಯಲಿಗೆ ಬಿದ್ದಿತೆಂದರೆ, ಆ ಬಯಲು ಆಟಕ್ಕೆಂದೇ ಶಾಶ್ವತವಾಗಿ ಮೀಸಲಾಯಿತೆಂಬುದು ಸರಕಾರೀ ದಾಖಲೆಯಲ್ಲಿ ನಮೂದಾಗಬೇಕು. ನಮ್ಮ ಬೇಡಿಕೆ ಇಷ್ಟೇ.

ಈ ನಾಡಿಗೆ ವ್ಯಾಯಾಮವೆಂಬುದು ಹೊತ್ತು ಕಳೆಯುವ ವಿನೋದವಾಗಿ ಬಂದುದಲ್ಲ. ಡಾಕ್ಟರ್ ನಾ. ಸು. ಹರ್ಡೀಕರರು 1923ರಲ್ಲಿ ಕಾಕಿನಾಡದ ಕಾಂಗ್ರೆಸ್ಸಿನ ಕಾಲಕ್ಕೆ ಹಿಂದುಸ್ತಾನಿ ಸೇವಾದಳವನ್ನು ಕಟ್ಟಿ, ಹುಬ್ಬಳ್ಳಿಯನ್ನು ಅದರ ಕೇಂದ್ರವನ್ನಾಗಿ ಮಾಡಿಕೊಂಡಾಗ, ಕವಾಯತು ಮತ್ತು ಅಂಗಸಾಧನೆಗಳು ಸ್ವಾತಂತ್ರ್ಯದ ಸಿದ್ಧತೆಯ ಭಾಗಗಳೇ ಆಗಿದ್ದವು. ಮರುವರುಷ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕೂಡಿದ ಕಾಂಗ್ರೆಸ್ಸಿನ ವ್ಯವಸ್ಥೆಯನ್ನು ಹೆಗಲ ಮೇಲೆ ಹೊತ್ತವರು ಹೀಗೆ ಬಯಲಿನಲ್ಲಿ ಪಳಗಿದ ಸ್ವಯಂಸೇವಕರೇ. ಬ್ಯಾಡಗಿ ತಾಲೂಕಿನ ಮೋಟೇಬೆನ್ನೂರಿನ ಮೈಲಾರ ಮಹಾದೇವಪ್ಪನವರು 1930ರಲ್ಲಿ ದಾಂಡಿಯವರೆಗೆ ಗಾಂಧೀಜಿಯವರೊಡನೆ ನಡೆದರು. 1943ರ ಏಪ್ರಿಲ್ 1ರಂದು ಹಾವೇರಿ ತಾಲೂಕಿನ ಹೊಸರಿತ್ತಿಯಲ್ಲಿ ಸಂಗಡಿಗರೊಡನೆ ಗುಂಡಿಗೆ ಎದೆಯೊಡ್ಡಿದರು. ಅಷ್ಟು ದೂರ ನಡೆಯುವ ಕಾಲೂ ಅಂಥ ಎದೆಯೂ ಪುಸ್ತಕ ಓದಿದ ಮಾತ್ರಕ್ಕೆ ಬರತಕ್ಕವಲ್ಲ. ಊರಿಗೊಂದು ಗರಡಿ, ಕೇರಿಗೊಂದು ಬಯಲು ಇದ್ದ ಕಾಲದ ಮಾತಿದು. ಆ ಕಾಲದಲ್ಲಿ ಬಯಲಿಗೆ ಕಾಗದದ ಆಧಾರ ಬೇಕೆಂದು ಯಾರಿಗೂ ಅನಿಸಿರಲಿಲ್ಲ. ಊರವರ ಒಪ್ಪಿಗೆಯೇ ಅದರ ಉತಾರವಾಗಿತ್ತು.

ಇಂದು ಸ್ಥಿತಿ ಬೇರೆಯಾಗಿದೆ. 1997ರ ಆಗಸ್ಟ್ 24ರಂದು ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ಹಾವೇರಿ ಜಿಲ್ಲೆಯಾದಂದಿನಿಂದ ಜಿಲ್ಲೆಯ ಕಚೇರಿಗಳು, ವಸತಿಗೃಹಗಳು, ಹೊಸ ಬಡಾವಣೆಗಳು ಎದ್ದಿವೆ. ಅದು ಬೇಕಾದ ಬೆಳವಣಿಗೆಯೇ. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 15,97,668 ಆಗಿತ್ತು. ರಾಣೆಬೆನ್ನೂರು ಪಟ್ಟಣವೊಂದೇ ಆಗಲೇ ಒಂದು ಲಕ್ಷವನ್ನು ಮೀರಿತ್ತು. ಊರು ಬೆಳೆದಷ್ಟು ಆಟದ ಬಯಲು ಬೆಳೆಯಲಿಲ್ಲವೆಂಬುದನ್ನು ತಿಳಿಯಲು ಅಂಕಿಸಂಖ್ಯೆಗಳು ಬೇಕಾಗಿಲ್ಲ. ಸಂಜೆಯ ಹೊತ್ತು ಒಂದು ಸುತ್ತು ತಿರುಗಿ ಬಂದರೆ ಸಾಕು. ಹಾವೇರಿಯ ಮುನ್ಸಿಪಲ್ ಹೈಸ್ಕೂಲಿನ ಮೈದಾನವು ಹುಡುಗರ ಆಟಕ್ಕೂ ರಾಜಕೀಯ ಪಕ್ಷಗಳ ಬಹಿರಂಗ ಸಭೆಗಳಿಗೂ ಏಕಕಾಲಕ್ಕೆ ಒದಗಬೇಕಾಗಿದೆ. ಬ್ಯಾಡಗಿಯಲ್ಲಿ ಸೋಮವಾರ ಮತ್ತು ಗುರುವಾರ ಪೇಟೆಯ ದಿನ. ಹಂಗಾಮಿನಲ್ಲಿ ನಾಲ್ಕು ದಿಕ್ಕಿನಿಂದ ಮೆಣಸಿನಕಾಯಿಯ ಗಾಡಿಗಳು ಬಂದು ನಿಂತರೆ ಊರಿಗೆ ಉಸಿರಾಡಲು ಜಾಗ ಸಾಲದು. ಅಂಥ ಊರಿನಲ್ಲಿ ತೆರೆದ ನೆಲ ಕಂಡಲ್ಲಿ ಕಾಯಿ ಒಣಹಾಕಬೇಕೆನ್ನುವವರೂ, ಲಾರಿ ನಿಲ್ಲಿಸಬೇಕೆನ್ನುವವರೂ, ಮಳಿಗೆ ಕಟ್ಟಬೇಕೆನ್ನುವವರೂ ಇದ್ದೇ ಇರುತ್ತಾರೆ. ಅವರವರ ಅಗತ್ಯ ಅವರಿಗೆ ದೊಡ್ಡದು. ಹತ್ತು ವರುಷದ ಹುಡುಗನ ಅಗತ್ಯವನ್ನು ಮಾತ್ರ ಯಾವ ಸಭೆಯಲ್ಲಿಯೂ ಯಾರೂ ಎತ್ತಿ ಹೇಳುವುದಿಲ್ಲ.

ಇನ್ನು ಅನುದಾನದ ಮಾತು. 2008-09ರಲ್ಲಿ ಕೇಂದ್ರ ಸರಕಾರವು ಪಂಚಾಯತ ಯುವ ಕ್ರೀಡಾ ಔರ್ ಖೇಲ್ ಅಭಿಯಾನವೆಂಬ ಯೋಜನೆಯನ್ನು ಹೊರಡಿಸಿ, ಗ್ರಾಮ ಪಂಚಾಯತಿಗಳಿಗೆ ಆಟದ ಬಯಲು ಸಿದ್ಧಪಡಿಸಲು ತಲಾ ಒಂದು ಲಕ್ಷ ರೂಪಾಯಿಯ ಇಡಿಗಂಟನ್ನು ಕೊಡಲು ಮುಂದಾಯಿತು. ಹತ್ತು ವರುಷಗಳಲ್ಲಿ ದೇಶದ ಎಲ್ಲ ಪಂಚಾಯತಿಗಳನ್ನೂ ಮುಟ್ಟುವ ಉದ್ದೇಶ ಅದಕ್ಕಿತ್ತು. 2014ರಲ್ಲಿ ಅದರ ಜಾಗಕ್ಕೆ ರಾಜೀವ ಗಾಂಧಿ ಖೇಲ್ ಅಭಿಯಾನ ಬಂದಿತು. ಎರಡು ವರುಷಗಳಲ್ಲಿ ಅದೂ ಖೇಲೋ ಇಂಡಿಯಾದಲ್ಲಿ ಲೀನವಾಯಿತು. ಖೇಲೋ ಇಂಡಿಯಾಕ್ಕೆ 2017-18ರಿಂದ ಮೂರು ವರುಷಗಳಿಗೆಂದು 1,756 ಕೋಟಿ ರೂಪಾಯಿಗಳನ್ನೂ, ಮುಂದೆ 2021-22ರಿಂದ 2025-26ರವರೆಗೆ 3,165.50 ಕೋಟಿ ರೂಪಾಯಿಗಳನ್ನೂ ಗೊತ್ತುಪಡಿಸಲಾಯಿತು. 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯದೆಯ ಕೆಲಸಗಳ ಪಟ್ಟಿಯಲ್ಲಿಯೂ ಆಟದ ಬಯಲು ಸೇರಿತ್ತು. ಲೋಕಸಭಾ ಸದಸ್ಯರಿಗೆ ವರುಷಕ್ಕೆ 5 ಕೋಟಿ, ಶಾಸಕರಿಗೆ 2 ಕೋಟಿ ರೂಪಾಯಿಗಳ ಪ್ರದೇಶಾಭಿವೃದ್ಧಿ ನಿಧಿಗಳಿರುವುದು ವಾಚಕರಿಗೆ ಗೊತ್ತೇ ಇದೆ. ಗರಡಿಮನೆ ಕಟ್ಟಲು, ವಯಸ್ಸಾದ ಪೈಲವಾನರಿಗೆ ಮಾಸಾಶನ ಕೊಡಲು ರಾಜ್ಯದ ಕ್ರೀಡಾ ಇಲಾಖೆಯೂ ನೆರವಾಗುತ್ತ ಬಂದಿದೆ.

ಹೀಗೆ ಎಂಟು ವರುಷಗಳ ಅವಧಿಯಲ್ಲಿ ಒಂದೇ ಕೆಲಸಕ್ಕೆ ಮೂರು ಹೆಸರುಗಳಾದವು. ಪ್ರತಿಯೊಂದು ಹೊಸ ಹೆಸರಿನೊಡನೆ ಹೊಸ ಅಡಿಗಲ್ಲು, ಹೊಸ ಫಲಕ. ಹಳೆಯ ಯೋಜನೆಯಲ್ಲಿ ಸಮತಟ್ಟು ಮಾಡಿದ ಬಯಲು ಇಂದು ಎಲ್ಲಿದೆ, ಹೇಗಿದೆ, ಅಲ್ಲಿ ಮಕ್ಕಳು ಆಡುತ್ತಿರುವರೋ ಅಥವಾ ಜಾಲಿ ಬೆಳೆದಿದೆಯೋ ಎಂದು ಕೇಳಿದ ಯೋಜನೆ ಒಂದೂ ಇಲ್ಲ. ಹಣ ಖರ್ಚಾದುದಕ್ಕೆ ಬಳಕೆ ಪ್ರಮಾಣಪತ್ರ ಹೋದರೆ ಕಡತ ಮುಚ್ಚಿತು. ಗೋಡೆ ಕಟ್ಟಿದುದಕ್ಕೆ ಲೆಕ್ಕವಿದೆ. ಗೋಡೆಯೊಳಗಿನ ಬಯಲು ಉಳಿದುದಕ್ಕೆ ಲೆಕ್ಕವಿಲ್ಲ. ಅಲ್ಲದೆ ಈ ಅನುದಾನಗಳೆಲ್ಲ ಬಹುತರ ಕಟ್ಟುವುದಕ್ಕೆ ಕೊಡತಕ್ಕವು, ಕಾಯುವುದಕ್ಕೆ ಕೊಡತಕ್ಕವಲ್ಲ. ಬಯಲಿಗೆ ಪ್ರೇಕ್ಷಕರ ಗ್ಯಾಲರಿ ಬರುತ್ತದೆ. ನೀರಿನ ನಲ್ಲಿ ಬರುವುದಿಲ್ಲ. ವ್ಯಾಯಾಮದ ಯಂತ್ರಗಳು ಬರುತ್ತವೆ. ಒಂದು ಬೋಲ್ಟು ಸಡಿಲಾದರೆ ಬಿಗಿಯುವವರಿಲ್ಲ. ಹೆಣ್ಣುಮಕ್ಕಳಿಗೆ ಶೌಚಾಲಯವೂ ಸಂಜೆಗೆ ದೀಪವೂ ಇಲ್ಲದ ಕ್ರೀಡಾಂಗಣವು ಊರಿನ ಅರ್ಧ ಜನಕ್ಕೆ ಬಾಗಿಲು ಮುಚ್ಚಿದ ಕ್ರೀಡಾಂಗಣವೆಂಬುದನ್ನು ಅಧಿಕಾರಿವರ್ಗದವರು ಇನ್ನಾದರೂ ಮನಗಾಣಬೇಕು.

ಇನ್ನು ಕಾನೂನಿನ ಮಾತಿಗೆ ಬರೋಣ. ನಮ್ಮ ರಾಜ್ಯಘಟನೆಯಲ್ಲಿ ಕ್ರೀಡೆಯು ರಾಜ್ಯಗಳ ಪಟ್ಟಿಗೆ ಸೇರಿದ ವಿಷಯ. 74ನೆಯ ತಿದ್ದುಪಡಿಯಿಂದ ಸೇರಿದ ಹನ್ನೆರಡನೆಯ ಅನುಸೂಚಿಯಲ್ಲಿ ಪುರಸಭೆಗಳ ಕೆಲಸಗಳನ್ನು ಹೇಳುವಾಗ, ಉದ್ಯಾನ ಮತ್ತು ಆಟದ ಬಯಲುಗಳನ್ನು ಹೆಸರುಗೊಂಡು ಹೇಳಲಾಗಿದೆ. ಹಳ್ಳಿಗಳಿಗೆ ಸಂಬಂಧಪಟ್ಟ ಹನ್ನೊಂದನೆಯ ಅನುಸೂಚಿಯಲ್ಲಿ ಆಟದ ಬಯಲಿನ ಹೆಸರಿಲ್ಲ. ಆದರೆ ಅದರ ಕಡೆಯ ಬಾಬು ಸಮುದಾಯದ ಆಸ್ತಿಗಳ ಸಂರಕ್ಷಣೆ. ಊರ ಬಯಲು ಸಮುದಾಯದ ಆಸ್ತಿಯಲ್ಲವೆಂದು ವಾದಿಸುವ ಧೈರ್ಯ ಯಾರಿಗೂ ಇರಲಾರದು. 2009ರ ಶಿಕ್ಷಣ ಹಕ್ಕಿನ ಕಾಯದೆಯು ಶಾಲೆಗೆ ಇರಲೇಬೇಕಾದವುಗಳಲ್ಲಿ ಕೋಣೆ, ಶೌಚಾಲಯ, ಕುಡಿಯುವ ನೀರುಗಳೊಡನೆ ಆಟದ ಬಯಲನ್ನೂ ಸೇರಿಸಿದೆ. ಹೀಗಿದ್ದರೂ ಕೋಣೆ ಸಾಲದಾದಾಗಲೆಲ್ಲ ಶಾಲೆಯ ಬಯಲಿನಲ್ಲಿಯೇ ಹೊಸ ಕೋಣೆ ಏಳುವುದನ್ನು ನಾವು ನೋಡುತ್ತಲಿದ್ದೇವೆ. ಒಂದು ಹಕ್ಕನ್ನು ಪೂರೈಸಲು ಇನ್ನೊಂದು ಹಕ್ಕಿನ ಕತ್ತು ಹಿಸುಕುವ ರೀತಿಯಿದು.

ಕರ್ನಾಟಕದಲ್ಲಿ 1985ರಲ್ಲಿಯೇ ಉದ್ಯಾನ, ಆಟದ ಬಯಲು ಹಾಗೂ ತೆರೆದ ಸ್ಥಳಗಳ ಸಂರಕ್ಷಣೆ ಮತ್ತು ನಿಯಂತ್ರಣದ ಕಾಯದೆಯಾಗಿದೆ. ಇದರ ಮರ್ಮವೆಲ್ಲ ಒಂದು ಪಟ್ಟಿಯಲ್ಲಿದೆ. ಸ್ಥಳೀಯ ಸಂಸ್ಥೆಯ ಅಧಿಕಾರಿಯು ತನ್ನ ಸರಹದ್ದಿನೊಳಗಿನ ಉದ್ಯಾನ, ಬಯಲುಗಳ ಪಟ್ಟಿಯನ್ನು ತಯಾರಿಸಬೇಕು; ಅದು ಪ್ರಕಟವಾಗಬೇಕು; ಪಟ್ಟಿಗೆ ಸೇರಿದ ಸ್ಥಳವನ್ನು ಆ ಉದ್ದೇಶಕ್ಕಲ್ಲದೆ ಬೇರೆಯದಕ್ಕೆ ಬಳಸಬಾರದು. ಪಟ್ಟಿಯಾದರೆ ಕಾಯದೆಗೆ ಜೀವ. ಪಟ್ಟಿಯಾಗದಿದ್ದರೆ ಅದು ಕಪಾಟಿನಲ್ಲಿಟ್ಟ ಪುಸ್ತಕ. ಬೆಂಗಳೂರಿನ ಉದ್ಯಾನಗಳ ವ್ಯಾಜ್ಯಗಳಲ್ಲಿ ಈ ಕಾಯದೆಯ ಹೆಸರು ಮೇಲಿಂದ ಮೇಲೆ ಕೇಳಿಬರುತ್ತದೆ. ನಮ್ಮ ಭಾಗದ ಊರುಗಳಲ್ಲಿ ಅದನ್ನು ಎತ್ತಿದವರು ವಿರಳ. ರಾಜಧಾನಿಯ ಮಗುವಿಗೆ ದೊರೆಯುವ ರಕ್ಷಣೆ ಬ್ಯಾಡಗಿಯ ಮಗುವಿಗೆ ಏಕೆ ದೊರೆಯಬಾರದು?

ಈ ವಿಷಯದಲ್ಲಿ ಬೆಂಗಳೂರಿನದೇ ಒಂದು ವ್ಯಾಜ್ಯವು ಎಲ್ಲರಿಗೂ ಪಾಠವಾಗತಕ್ಕದ್ದು. ಬೆಂಗಳೂರಿನ ಒಂದು ಬಡಾವಣೆಯ ನಕಾಶೆಯಲ್ಲಿ ಉದ್ಯಾನಕ್ಕೆಂದು ತೆಗೆದಿರಿಸಿದ ಜಾಗವನ್ನು ಒಂದು ಖಾಸಗಿ ಆಸ್ಪತ್ರೆಗೆ ಕೊಡಲಾಗಿತ್ತು. ಅಲ್ಲಿಯ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ. ಎಸ್. ಮುದ್ದಪ್ಪ ಎಂಬ ಹೆಸರಿನಿಂದ ಪ್ರಸಿದ್ಧವಾದ ಆ ವ್ಯಾಜ್ಯದಲ್ಲಿ 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಮಂಜೂರಾತಿಯನ್ನು ಎತ್ತಿಹಿಡಿಯಲಿಲ್ಲ. ಆಸ್ಪತ್ರೆಯೂ ಜನಕ್ಕೆ ಬೇಕಾದುದೇ ಎಂಬ ವಾದ ಅಲ್ಲಿ ನಿಲ್ಲಲಿಲ್ಲ. ಸಾರ್ವಜನಿಕರಿಗೆಂದು ಮೀಸಲಾದ ತೆರೆದ ಸ್ಥಳವನ್ನು ಖಾಸಗಿಯವರಿಗೆ ವಹಿಸಲು ಅಧಿಕಾರಸ್ಥರಿಗೆ ಸ್ವೇಚ್ಛೆಯಿಲ್ಲವೆಂದೂ, ಅದನ್ನು ಪ್ರಶ್ನಿಸಲು ಆ ಬಡಾವಣೆಯ ನಿವಾಸಿಗಳಿಗೆ ಹಕ್ಕಿದೆಯೆಂದೂ ಆ ತೀರ್ಪಿನಿಂದ ಸ್ಪಷ್ಟವಾಯಿತು. ಆ ಜನರ ಕೈಯಲ್ಲಿ ಒಂದು ನಕಾಶೆಯಿತ್ತು, ನಕಾಶೆಯಲ್ಲಿ 'ಉದ್ಯಾನ' ಎಂದು ಬರೆದಿತ್ತು ಎಂಬುದನ್ನು ನಾವು ಮರೆಯಬಾರದು. ನಮ್ಮ ಎಷ್ಟು ಬಯಲುಗಳಿಗೆ ಅಂಥ ಒಂದು ಅಕ್ಷರದ ಆಸರೆಯಿದೆ?

ಹಳ್ಳಿಗಳ ವಿಷಯದಲ್ಲಿಯೂ ಸರ್ವೋಚ್ಚ ನ್ಯಾಯಾಲಯದ ಮಾತು ಸ್ಪಷ್ಟವಾಗಿದೆ. 2011ರ ಜನವರಿ 28ರಂದು ಜಗಪಾಲ ಸಿಂಗ್ ಮತ್ತು ಪಂಜಾಬ ರಾಜ್ಯದ ವ್ಯಾಜ್ಯದಲ್ಲಿ, ಊರಿನ ಸಾಮೂಹಿಕ ಭೂಮಿಯನ್ನು ಆಕ್ರಮಿಸಿದವರನ್ನು ಎಬ್ಬಿಸಿ ಅದನ್ನು ಊರಿಗೆ ಮರಳಿ ದೊರಕಿಸುವ ಯೋಜನೆಗಳನ್ನು ಎಲ್ಲ ರಾಜ್ಯ ಸರಕಾರಗಳೂ ಮಾಡತಕ್ಕದ್ದೆಂದು ಅದು ಆಜ್ಞಾಪಿಸಿತು. ಕರ್ನಾಟಕದಲ್ಲಿ 2011ರ ಭೂಕಬಳಿಕೆ ನಿಷೇಧ ಕಾಯದೆಯೂ, ಅದಕ್ಕೆಂದೇ ಒಂದು ವಿಶೇಷ ನ್ಯಾಯಾಲಯವೂ ಇವೆ. ಗಾಯರಾಣ, ಗಾಂವಠಾಣಗಳನ್ನು ನುಂಗಿದವರನ್ನು ಹಿಡಿಯಲು ಇವು ತಕ್ಕ ಅಸ್ತ್ರಗಳೇ.

ಆದರೆ ಇಲ್ಲೊಂದು ತೊಡಕಿದೆ. ಈ ಕಾಯದೆಗಳು ಹಿಡಿಯತಕ್ಕದ್ದು ಕದ್ದವರನ್ನು. ಒಡೆಯನೇ ಎತ್ತಿ ಕೊಟ್ಟರೆ ಕಳ್ಳತನವೆಲ್ಲಿ ಬಂತು? ನಮ್ಮ ಅನುಭವದಂತೆ ಬಯಲುಗಳು ಹೆಚ್ಚಾಗಿ ಕಳೆದುಹೋಗುವುದು ರಾತ್ರಿ ಬೇಲಿ ಹಾಕುವವರಿಂದಲ್ಲ. ಹಗಲು ಹೊತ್ತಿನಲ್ಲಿ ಠರಾವು ಮಾಡುವವರಿಂದ. ಇವತ್ತು ಬಯಲಿನ ಮೂಲೆಯಲ್ಲಿ ಒಂದು ನೀರಿನ ಟಾಕಿ, ನಾಳೆ ಒಂದು ಅಂಗನವಾಡಿ, ನಾಡಿದ್ದು ಒಂದು ಸಮುದಾಯ ಭವನ, ಆಚೆನಾಡಿದ್ದು ರಸ್ತೆಗೆ ಮುಖಮಾಡಿ ಪುರಸಭೆಯ ಉತ್ಪನ್ನಕ್ಕೆಂದು ಸಾಲು ಮಳಿಗೆ. ಇವುಗಳಲ್ಲಿ ಒಂದೊಂದೂ ಒಳ್ಳೆಯ ಕೆಲಸವೇ. ಎಲ್ಲವೂ ಕೂಡಿ ಆದ ಮೇಲೆ ಉಳಿಯುವುದು ಚೆಂಡು ಉರುಳಿಸಲೂ ಸಾಲದ ಅಂಗಳ. ಒಳ್ಳೆಯ ಕೆಲಸದ ಹೆಸರಿನಲ್ಲಿ ಹೋದ ಬಯಲಿಗೆ ಕಣ್ಣೀರು ಹಾಕುವವರಿಲ್ಲ, ಫಿರ್ಯಾದು ಕೊಡುವವರೂ ಇಲ್ಲ. ಆದುದರಿಂದಲೇ ಕಳ್ಳನನ್ನು ತಡೆಯುವ ಕಾಯದೆಯಷ್ಟೇ ಒಡೆಯನ ಕೈಯನ್ನು ಕಟ್ಟುವ ಕರಾರೂ ಬೇಕೆಂದು ನಾವು ಒತ್ತಿ ಹೇಳುತ್ತೇವೆ.

ಅಂಥ ಕರಾರನ್ನು ಹೂಡಲು ತಕ್ಕ ಸಮಯ ಯಾವುದು? ಅನುದಾನ ಕೊಡುವ ಸಮಯವೇ. ಹಣ ಬೇಕಾದವನು ಶರತ್ತಿಗೆ ಒಪ್ಪುತ್ತಾನೆ. ಬೇರೆ ದೇಶಗಳಲ್ಲಿ ಇದನ್ನು ಮಾಡಿ ತೋರಿಸಿದ್ದಾರೆ. ಇಂಗ್ಲೆಂಡಿನಲ್ಲಿ 1925ರಲ್ಲಿಯೇ ಆಟದ ಬಯಲುಗಳ ರಾಷ್ಟ್ರೀಯ ಸಂಘವೊಂದು ಹುಟ್ಟಿತು. 1936ರಲ್ಲಿ ಅವರ ದೊರೆ ಐದನೆಯ ಜಾರ್ಜ್ ತೀರಿಕೊಂಡಾಗ, ಅವನ ನೆನಪಿಗೆ ಊರೂರಿಗೆ ಬಯಲುಗಳನ್ನು ಮಾಡುವುದೇ ಲೇಸೆಂದು ನಿಧಿ ಕೂಡಿಸಿ, ಊರವರ ಬಯಲುಗಳಿಗೆ ಸಹಾಯಧನ ಕೊಟ್ಟರು; ಆ ನೆಲವು ಎಂದೆಂದಿಗೂ ಆಟ ವಿಹಾರಗಳಿಗೇ ಮೀಸಲೆಂದು ಪತ್ರ ಬರೆಯಿಸಿಕೊಂಡರು. ಹಾಗೆ ಆದ ಬಯಲುಗಳು 471. ಅಮೇರಿಕೆಯ 1965ರ ಭೂಮಿ ಮತ್ತು ಜಲ ಸಂರಕ್ಷಣಾ ನಿಧಿಯ ಕಾಯದೆಯಲ್ಲಿ ಇನ್ನೂ ಬಿಗಿಯಾದ ಕಟ್ಟಿದೆ. ಆ ನಿಧಿಯ ಹಣ ಮುಟ್ಟಿದ ಬಯಲನ್ನು ಬೇರೆ ಉಪಯೋಗಕ್ಕೆ ತೆಗೆದುಕೊಳ್ಳಬೇಕಾದರೆ ಕೇಂದ್ರದ ಒಪ್ಪಿಗೆ ಬೇಕು. ಅದಕ್ಕೆ ಬದಲಾಗಿ ಅಷ್ಟೇ ಬೆಲೆಯ, ಅಷ್ಟೇ ಉಪಯೋಗದ ಬೇರೊಂದು ಬಯಲನ್ನು ಒದಗಿಸಿಕೊಡಲೇಬೇಕು. ನಮ್ಮನ್ನಾಳಿ ಹೋದವರಿಂದಲೂ ಕಲಿಯತಕ್ಕದ್ದಿದ್ದರೆ ಕಲಿಯುವುದರಲ್ಲಿ ಸಂಕೋಚವೇಕೆ? ಅವರು ದೊರೆಯ ಹೆಸರಿನಲ್ಲಿ ಮಾಡಿದುದನ್ನು ನಾವು ಮೈಲಾರ ಮಹಾದೇವಪ್ಪನವರ ಹೆಸರಿನಲ್ಲಿ ಮಾಡೋಣ.

ನಮ್ಮ ಕೇಂದ್ರ ಸರಕಾರವು 2025ರ ಜುಲೈಯಲ್ಲಿ ಹೊಸ ರಾಷ್ಟ್ರೀಯ ಕ್ರೀಡಾ ನೀತಿಯನ್ನು ಒಪ್ಪಿಕೊಂಡಿತು. ಆಗಸ್ಟಿನಲ್ಲಿ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯದೆಯನ್ನು ಸಂಸತ್ತು ಅಂಗೀಕರಿಸಿತು. ಕ್ರೀಡಾ ಮಹಾಮಂಡಳಗಳ ಚುನಾವಣೆ, ಲೆಕ್ಕಪತ್ರ, ವ್ಯಾಜ್ಯಗಳಿಗೆ ಆ ಕಾಯದೆಯಿಂದ ಒಂದು ಶಿಸ್ತು ಬರುವುದಾದರೆ ಸಂತೋಷವೇ. ಆದರೆ ಮಹಾಮಂಡಳಗಳಿಗೆ ಆಟಗಾರರು ಬರಬೇಕಾದುದು ಊರ ಬಯಲಿನಿಂದ. ಕೊಂಬೆಗೆ ಕಾಯದೆಯಾಯಿತು, ಬೇರಿಗೆ ಇನ್ನೂ ಆಗಿಲ್ಲ.

ನಮ್ಮ ಈ ಮಾತಿಗೆ ಬರಬಹುದಾದ ಆಕ್ಷೇಪಗಳನ್ನು ನಾವು ಅರಿಯದವರಲ್ಲ. ಮಳೆ ಕೈಕೊಟ್ಟರೆ ರೈತನಿಗೆ ಊಟವಿಲ್ಲದ, ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಪರದಾಡುವ ಜಿಲ್ಲೆಯಲ್ಲಿ ಆಟದ ಚಿಂತೆ ಯಾರಿಗೆ ಬೇಕು ಎಂದು ಕೆಲವರು ಕೇಳಬಹುದು. ಅವರಿಗೆ ನಮ್ಮ ಉತ್ತರವಿಷ್ಟೆ: ಹಣವಂತರ ಮಕ್ಕಳಿಗೆ ಬಯಲಿಲ್ಲದಿದ್ದರೆ ಗಂಟೆಗಿಷ್ಟು ಬಾಡಿಗೆ ತೆತ್ತು ಆಡುವ ಜಾಗಗಳು ಹುಟ್ಟಿಕೊಳ್ಳುತ್ತವೆ. ಹಮಾಲರ ಮಕ್ಕಳಿಗೆ, ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಮಕ್ಕಳಿಗೆ ಊರ ಬಯಲಿಲ್ಲದಿದ್ದರೆ ಬೀದಿಯೇ ಗತಿ. ಬೀದಿ ಕಲಿಸುವ ಪಾಠ ಯಾವುದೆಂಬುದು ತಂದೆತಾಯಿಗಳಿಗೆ ಗೊತ್ತು. ಬಯಲಿಗೆ ಕರಾರು ಬರೆಯುವುದಕ್ಕೆ ಬೊಕ್ಕಸದಿಂದ ವಿಶೇಷವಾಗಿ ಏನೂ ಖರ್ಚಾಗುವುದಿಲ್ಲ. ಹೇಗೂ ಖರ್ಚಾಗುವ ಹಣ ವ್ಯರ್ಥವಾಗದಂತೆ ನೋಡಿಕೊಳ್ಳಿರೆಂದಷ್ಟೇ ನಾವು ಹೇಳುತ್ತಿದ್ದೇವೆ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಬಯಲು ಬರಿಯ ಚೆಂಡಾಟದವರ ಸ್ವತ್ತೇನು? ಜಾತ್ರೆ, ಗಣೇಶೋತ್ಸವ, ಜಂಗೀ ಕುಸ್ತಿ, ನಾಟಕ, ಸಭೆ ಇವುಗಳಿಗೆ ಜಾಗವೆಲ್ಲಿ? ಈ ಪ್ರಶ್ನೆಯಲ್ಲಿ ನ್ಯಾಯವಿದೆ. ದೀಪಾವಳಿಯ ದಿನಗಳಲ್ಲಿ ನಮ್ಮ ಜಿಲ್ಲೆಯ ಊರೂರಲ್ಲಿ ಕೊಬ್ಬರಿ ಕಟ್ಟಿದ ಹೋರಿಗಳು ಓಡುವುದನ್ನು ನೋಡಲು ಸಾವಿರಾರು ಜನ ನೆರೆಯುತ್ತಾರೆ. ತಕ್ಕ ಬಯಲಿಲ್ಲದೆ, ತಕ್ಕ ಬೇಲಿಯಿಲ್ಲದೆ ನಡೆದಾಗ ಜೀವಹಾನಿಯಾದುದೂ ಉಂಟು. ಕಂಬಳ ಮತ್ತು ಎತ್ತಿನ ಓಟಗಳಿಗಾಗಿ ಕರ್ನಾಟಕವು 2017ರಲ್ಲಿ ಪ್ರಾಣಿಹಿಂಸೆ ತಡೆಯುವ ಕಾಯದೆಗೆ ತಿದ್ದುಪಡಿ ತಂದಿತು. 2023ರ ಮೇ 18ರಂದು ಸರ್ವೋಚ್ಚ ನ್ಯಾಯಾಲಯವು ಅದನ್ನು ಮಾನ್ಯ ಮಾಡಿತು. ಜನ ಒಗ್ಗಟ್ಟಾಗಿ ಕೇಳಿದರೆ ಶಾಸನ ಬರುತ್ತದೆಂಬುದಕ್ಕೆ ಇದೇ ಸಾಕ್ಷಿ. ಆಟಕ್ಕೆ ಶಾಸನ ಕೇಳಿದ ಜನ ಆಟದ ನೆಲಕ್ಕೂ ಶಾಸನ ಕೇಳಬಾರದೇಕೆ? ಉತ್ಸವ, ಸಭೆಗಳನ್ನು ಬಯಲಿನಿಂದ ಅಟ್ಟಬೇಕೆಂದು ನಮ್ಮ ಮಾತಲ್ಲ. ವರುಷಕ್ಕೆ ಇಂತಿಷ್ಟೇ ದಿನಗಳೆಂದು ಮೊದಲೇ ಗೊತ್ತುಪಡಿಸಬೇಕು. ನಡೆಸುವವರಿಂದ ಠೇವಣಿ ಪಡೆಯಬೇಕು. ತೋಡಿದ ಕುಣಿಗಳನ್ನು ಮುಚ್ಚಿ, ಮೊಳೆ ಗಾಜುಗಳನ್ನು ಆರಿಸಿ, ಬಯಲನ್ನು ಇದ್ದಂತೆ ಒಪ್ಪಿಸಿದ ಮೇಲೆಯೇ ಠೇವಣಿ ಮರಳಿಸಬೇಕು. ಬಂದ ಬಾಡಿಗೆ ಆ ಬಯಲಿನ ರಿಪೇರಿಗೇ ಹೋಗಬೇಕು.

ಮೇಲಿನ ಮಾತುಗಳನ್ನೆಲ್ಲ ಕೂಡಿಸಿ ಸರಕಾರದವರ ಹಾಗೂ ಸ್ಥಳೀಯ ಸಂಸ್ಥೆಗಳವರ ಮುಂದೆ ನಾವು ನಾಲ್ಕು ಸೂಚನೆಗಳನ್ನು ಇಡುತ್ತೇವೆ.

ಮೊದಲನೆಯದು, ಪಟ್ಟಿ. ಹಾವೇರಿ ಮತ್ತು ರಾಣೆಬೆನ್ನೂರಿನ ನಗರಸಭೆಗಳೂ ಬ್ಯಾಡಗಿಯ ಪುರಸಭೆಯೂ ತಂತಮ್ಮ ಸರಹದ್ದಿನೊಳಗಿನ ಎಲ್ಲ ಆಟದ ಬಯಲು, ಗರಡಿ, ವ್ಯಾಯಾಮಶಾಲೆಗಳ ಪಟ್ಟಿಯನ್ನು ಸರ್ವೇ ನಂಬರು, ಚಕ್ಕುಬಂದಿ, ಕ್ಷೇತ್ರಗಳೊಡನೆ ತಯಾರಿಸಿ, ವಾರ್ಡು ವಾರ್ಡಿಗೆ ಪ್ರಕಟಿಸಲಿ. ಹೊಸ ಬಡಾವಣೆಗಳಲ್ಲಿ ಉದ್ಯಾನ, ಆಟದ ಬಯಲುಗಳಿಗೆಂದು ಬಿಟ್ಟ ಜಾಗಗಳೂ ಅದರಲ್ಲಿ ಸೇರಲಿ. ಹಳ್ಳಿಗಳಲ್ಲಿ ಗ್ರಾಮಸಭೆಯ ಮುಂದೆ ಪಟ್ಟಿಯನ್ನೋದಿ, ಪಂಚಾಯತಿಯ ಆಸ್ತಿವಹಿಯಲ್ಲಿಯೂ ಇ-ಸ್ವತ್ತು ದಾಖಲೆಯಲ್ಲಿಯೂ ಬರೆಯಲಿ. ಪಹಣಿಯಿರುವ ಜಮೀನಾದರೆ ಅದರ 11ನೆಯ ಕಾಲಮಿನಲ್ಲಿ 'ಸಾರ್ವಜನಿಕ ಆಟದ ಬಯಲಿಗೆ ಮೀಸಲು' ಎಂಬ ಒಂದು ಸಾಲು ಬೀಳಲಿ. ಈ ಒಂದು ಸಾಲಿನ ಬೆಲೆ ಒಂದು ಗ್ಯಾಲರಿಗಿಂತ ಹೆಚ್ಚಿನದು. 1985ರ ಕಾಯದೆಯ ರಕ್ಷಣೆಯಿಂದ ಯಾವ ಸಣ್ಣ ಪಟ್ಟಣವೂ ಹೊರಗುಳಿಯದಂತೆ ನೋಡಿಕೊಳ್ಳುವುದು ರಾಜ್ಯ ಸರಕಾರದ ಕರ್ತವ್ಯ.

ಎರಡನೆಯದು, ಕರಾರು. ಕೇಂದ್ರದ್ದಾಗಲಿ, ರಾಜ್ಯದ್ದಾಗಲಿ, ಶಾಸಕರ ನಿಧಿಯದಾಗಲಿ, ಯಾವ ಅನುದಾನವನ್ನೂ ಆ ದಾಖಲೆಯ ನಕಲನ್ನು ನೋಡದೆ ಬಿಡುಗಡೆ ಮಾಡಬಾರದು. ಅನುದಾನ ಪಡೆದ ಬಯಲನ್ನು ಬೇರೆ ಕೆಲಸಕ್ಕೆ ತೆಗೆದುಕೊಳ್ಳಲೇಬೇಕಾದರೆ ಊರವರ ಬಹಿರಂಗ ಸಭೆ ಕರೆದು ಕಾರಣ ಹೇಳಬೇಕು. ಅಷ್ಟೇ ಅಳತೆಯ ಬೇರೊಂದು ಬಯಲನ್ನು ಅದೇ ವಸತಿಯ ಸಮೀಪದಲ್ಲಿ ಮೊದಲು ಸಿದ್ಧಪಡಿಸಿ ಕೊಟ್ಟ ನಂತರವೇ ಹಳೆಯದನ್ನು ಮುಟ್ಟಬೇಕು. ಬದಲು ಕೊಡುವೆವೆಂಬ ಬಾಯಿಮಾತು ಸಾಲದು. ಊರಿಂದ ಎರಡು ಹರದಾರಿ ಆಚೆಗೆ ಕೊಟ್ಟ ಬಯಲು ಬಯಲೇ ಅಲ್ಲ.

ಮೂರನೆಯದು, ಪಾಲನೆ. ಕಟ್ಟಲು ಕೊಟ್ಟ ಹಣದಲ್ಲಿ ಒಂದು ಪಾಲನ್ನು ಮುಂದಿನ ವರುಷಗಳ ಪಾಲನೆಗೆಂದು ಬೇರೆ ಖಾತೆಯಲ್ಲಿರಿಸಬೇಕು. ಹದಿನೈದನೆಯ ಹಣಕಾಸು ಆಯೋಗವು 2021ರಿಂದ 2026ರ ಅವಧಿಗೆ ಗ್ರಾಮೀಣ ಸಂಸ್ಥೆಗಳಿಗೆ ಕೊಟ್ಟ ಅನುದಾನದಲ್ಲಿ ನೂರಕ್ಕೆ 60ನ್ನು ನೀರು ಮತ್ತು ನೈರ್ಮಲ್ಯಗಳಿಗೆ ಕಟ್ಟಿಹಾಕಿ, 40ನ್ನು ಊರಿನ ಅಗತ್ಯಕ್ಕೆ ತಕ್ಕಂತೆ ಬಳಸಲು ಬಿಟ್ಟಿತ್ತು. ಹೀಗೆ ಕೈಬಿಚ್ಚಿ ಕೊಟ್ಟ ಹಣ ಬಂದಾಗ ಅದರಲ್ಲಿ ಬಯಲಿನ ನೀರು, ದೀಪ, ಶೌಚಾಲಯಗಳಿಗೆ ಒಂದಿಷ್ಟನ್ನು ತೆಗೆದಿರಿಸುವುದು ಪಂಚಾಯತಿಗಳಿಗೆ ಅಸಾಧ್ಯವೇನೂ ಅಲ್ಲ.

ನಾಲ್ಕನೆಯದು, ಮೇಲ್ವಿಚಾರಣೆ. ಪ್ರತಿಯೊಂದು ಬಯಲಿಗೂ ಒಂದು ಸಣ್ಣ ಸಮಿತಿ ಇರಲಿ. ಅದರಲ್ಲಿ ಹತ್ತಿರದ ಶಾಲೆಯ ದೈಹಿಕ ಶಿಕ್ಷಕರು, ಆಡುವ ತರುಣರು, ಹೆಣ್ಣುಮಕ್ಕಳ ತಾಯಂದಿರು, ಹಳೆಯ ಪೈಲವಾನರು ಇರಲಿ. ಪಕ್ಷದ ಗುರುತಿನ ಮೇಲೆ ಯಾರೂ ಬರುವುದು ಬೇಡ. ವರುಷಕ್ಕೊಮ್ಮೆ ಬಯಲಿನ ಅಳತೆ ಮಾಡಿ, ಲೆಕ್ಕವನ್ನು ಬಯಲಿನ ಬಾಗಿಲಲ್ಲಿಯೇ ಹಲಗೆಯ ಮೇಲೆ ಬರೆಯಲಿ. ಶಾಲೆಯ ಬಯಲುಗಳು ಸಂಜೆ ಬೀಗ ಹಾಕಿಕೊಂಡಿರುವುದೂ ಇಂಥ ಸಮಿತಿಗಳ ಹೊಣೆಯ ಮೇಲೆ ತಪ್ಪೀತು.

ಸರಕಾರಕ್ಕೆ ಬುದ್ಧಿ ಹೇಳಿ ನಮ್ಮ ಕೆಲಸ ಮುಗಿಯಿತೆಂದು ನಾವು ಭಾವಿಸುವುದಿಲ್ಲ. ಊರಿನ ಮಹಾಜನರಿಗೂ ಎರಡು ಮಾತು ಹೇಳಬೇಕಾಗಿದೆ. ಬಯಲಿನ ಒಂದು ಮೂಲೆಗೆ ತಮ್ಮ ಸಮಾಜದ ಭವನ ಬರಲೆಂದು ಮನವಿ ಹೊತ್ತು ಹೋಗುವವರು ನಾವೇ. ಬಯಲ ಅಂಚಿಗೆ ಕಸ ಸುರಿದು ಅದನ್ನು ಹಾಳು ಜಾಗವೆನಿಸುವವರೂ ನಾವೇ. ಹಾಳು ಜಾಗವೆನಿಸಿದ ಮೇಲೆ ಅದರ ಮೇಲೆ ಕಟ್ಟಡ ಎದ್ದರೆ ತಕರಾರು ಹೇಳಲು ಯಾವ ಮೋರೆ ಉಳಿಯಿತು? ಪ್ರತಿಯೊಬ್ಬ ವಾಚಕನೂ ತನ್ನ ಕೇರಿಯ ಬಯಲಿನ ಸರ್ವೇ ನಂಬರನ್ನು ಕೇಳಿ ತಿಳಿದುಕೊಳ್ಳಲಿ. ಮಾಹಿತಿ ಹಕ್ಕಿನ 2005ರ ಕಾಯದೆಯಿಂದ ಅದು ಹತ್ತು ರೂಪಾಯಿಯ ಅರ್ಜಿಯ ಕೆಲಸ. ದಾಖಲೆಯಲ್ಲಿ ಆ ನೆಲದ ಹೆಸರು 'ಖಾಲಿ ಜಾಗ' ಎಂದೇ ಇದ್ದರೆ, ಅದನ್ನು ತಿದ್ದಿಸುವವರೆಗೆ ಸುಮ್ಮನೆ ಕೂಡ್ರಬಾರದು.

ಸ್ವರಾಜ್ಯವೆಂದರೆ ದಿಲ್ಲಿಯ ಗಾದಿಯ ಮೇಲೆ ನಮ್ಮವರು ಕುಳಿತರೆ ಆಯಿತೆಂದಲ್ಲ. ತನ್ನ ಊರಿನ ಸ್ವತ್ತನ್ನು ತಾನೇ ಕಾಯ್ದುಕೊಳ್ಳುವ ಶಕ್ತಿ ಊರಿಗೆ ಬಂದಾಗಲೇ ಅದು ಪೂರ್ತಿಯಾಗುವುದು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ನಗರಪಿತೃಗಳು ತಮ್ಮ ಮುಂದಿನ ಸಾಮಾನ್ಯ ಸಭೆಯ ಕಾರ್ಯಕ್ರಮ ಪಟ್ಟಿಯಲ್ಲಿ ಈ ವಿಷಯವನ್ನು ಸೇರಿಸಿ, ಬಯಲುಗಳ ಪಟ್ಟಿ ಮಾಡುವ ಠರಾವನ್ನು ಒಪ್ಪಲಿ. ಅದಕ್ಕೆ ಮೇಲಿನವರ ಅಪ್ಪಣೆಯನ್ನು ಕಾಯಬೇಕಾಗಿಲ್ಲ, ಅನುದಾನವನ್ನೂ ಕಾಯಬೇಕಾಗಿಲ್ಲ. ಅಳತೆಯ ಸರಪಳಿಯೂ ಒಂದು ವಹಿಯೂ ಸಾಕು. ಈ ಮೂರು ಊರುಗಳಲ್ಲಿ ಯಾವುದು ಮೊದಲು ಮಾಡಿ ತೋರಿಸುವುದೋ ಅದು ನಾಡಿಗೆಲ್ಲ ಮೇಲ್ಪಂಕ್ತಿಯಾದೀತೆಂದು ನಾವು ನಂಬಿದ್ದೇವೆ.